ಸೂಜಿ ದಾರ: ಅರೆಮಂಡಿಲಿ ಕೂತ್ರೆ ಪ್ಯಾಂಟ್ ಜಾರುತ್ತೆ ಅಕ್ಕ, ಏನ್ ಮಾಡ್ಲಿ?

ಸ್ಕೂಲ್ ಡೇ, ಗೆಜ್ಜೆಪೂಜೆ, ಸಂಕ್ರಾಂತಿ ಪ್ರೋಗ್ರಾಂ ಅಂತ ಈ ಸೀಸನ್ ಬಂತು ಅಂದ್ರೆ ನಮ್ಮ ಕಾಲಂಗೆ ಬ್ಲೌಸ್ ಪ್ರಶ್ನೆ ಕಮ್ಮಿ ಆಗಿ ಮಕ್ಕಳ ಡ್ಯಾನ್ಸ್ ಡ್ರೆಸ್ ಪ್ರಶ್ನೆನೇ ಜಾಸ್ತಿ ಬರುತ್ತೆ. ಈ ಸಲ ಎಲ್ಲರ ತಲೆನೋವೂ ಒಂದೇ, ಸೊಂಟದ ಎಲಾಸ್ಟಿಕ್ಕು. ಅದಕ್ಕೇ ಉಳಿದಿದ್ದನ್ನೆಲ್ಲ ಪಕ್ಕಕ್ಕಿಟ್ಟು ಇದೊಂದನ್ನೇ ತಗೊಂಡಿದೀನಿ. ಸೀರೆ ಫಾಲ್ ಸುಕ್ಕಾಗುತ್ತೆ ಅಂತ ಕೇಳಿದೋರು ಬೇಜಾರ್ ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಂಚಿಕೇಲಿ.

ಪ್ರಶ್ನೆ: ಅಕ್ಕ ನಮಸ್ತೆ. ನನ್ನ ಮಗಳು ಸೆಕೆಂಡ್ ಸ್ಟ್ಯಾಂಡರ್ಡು, ಭರತನಾಟ್ಯ ಕ್ಲಾಸಿಗೆ ಹೋಗ್ತಾಳೆ. ಜನವರಿಲಿ ಪ್ರೋಗ್ರಾಂ ಇದೆ, ಬಾಡಿಗೆ ಕಾಸ್ಟ್ಯೂಮ್ ಬೇಡ ಅಂತ ನಮ್ಮತ್ತೆದು ಹಳೇ ರೇಷ್ಮೆ ಸೀರೇಲಿ ನಾನೇ ಪೈಜಾಮ ಟೈಪ್ ಹೊಲಿದೆ. ಸೊಂಟಕ್ಕೆ 1 ಇಂಚಿನ ಎಲಾಸ್ಟಿಕ್ ಹಾಕಿದೀನಿ. ನಿಂತಾಗ ಚೆನ್ನಾಗೇ ಇರುತ್ತೆ, ಅರೆಮಂಡಿ ಅಂತ ಮೊಣಕಾಲು ಅಗಲಿಸಿ ಅರ್ಧ ಕೂತ್ಕೋತಾರಲ್ಲ, ಹಾಗೆ ಕೂತ ತಕ್ಷಣ ಹಿಂದೆ ಜಾರುತ್ತೆ, ಮಧ್ಯೆ ಮಧ್ಯೆ ಕೈ ಹಾಕಿ ಎಳ್ಕೋತಾಳೆ, ಅವರ ಮಿಸ್ ಬೈತಾರೆ. ಎಲಾಸ್ಟಿಕ್ ಇನ್ನೂ ಟೈಟ್ ಮಾಡ್ದೆ. ಈಗ ಸೊಂಟದ ಸುತ್ತ ಕೆಂಪಗೆ ಗೆರೆ ಬೀಳ್ತಿದೆ, ಜಾರೋದು ಮಾತ್ರ ನಿಂತಿಲ್ಲ. — ಒಬ್ಬ ಅಮ್ಮ, ದಾವಣಗೆರೆ

ಉತ್ತರ: ಪಾಪ ಎಲಾಸ್ಟಿಕ್ಕಿಂದ ಏನೂ ತಪ್ಪಿಲ್ಲಮ್ಮ, ನಿಮ್ಮ ಪ್ಯಾಂಟಿಗೆ ಹಿಂದುಗಡೆ ಉದ್ದ ಸಾಲ್ತಿಲ್ಲ ಅಷ್ಟೇ. ಮೊಣಕಾಲು ಎರಡೂ ಪಕ್ಕಕ್ಕೆ ಮಡಿಸಿ ಕೆಳಗೆ ಕೂತಾಗ ಹಿಂದಿನ ಸೊಂಟದಿಂದ ಕಾಲು ಸೇರೋ ಜಾಗದ ತನಕ ಬಟ್ಟೆ ಜಾಸ್ತಿ ಬೇಕಾಗುತ್ತೆ, ಅದು ಸಿಗದೇ ಇದ್ದಾಗ ಮೇಲಿನ ಪಟ್ಟಿನ ಕೆಳಗೆ ಎಳೆಯುತ್ತೆ, ಅಲ್ಲಿ ನೀವು ಎಷ್ಟು ಬಿಗಿ ಎಲಾಸ್ಟಿಕ್ ಹಾಕಿದ್ರೂ ಮಗು ಹೊಟ್ಟೆ ನೋಯುತ್ತೆ ಹೊರತು ಪ್ಯಾಂಟು ನಿಲ್ಲಲ್ಲ.

ಅಳತೆ ಹೀಗೆ ತಗೊಳ್ಳಿ. ಮಗು ಸೊಂಟಕ್ಕೊಂದು ದಾರ ಕಟ್ಟಿ. ನಿಂತಿರೋವಾಗ ಹಿಂದಿನ ದಾರದಿಂದ ಕಾಲ ಮಧ್ಯೆ ಟೇಪ್ ತಂದು ಮುಂದಿನ ದಾರಕ್ಕೆ ಒಂದು ಅಳತೆ. ಆಮೇಲೆ ಅರೆಮಂಡಿಲಿ ಕೂರಿಸಿ ಅದೇ ಅಳತೆ ಇನ್ನೊಂದ್ಸಲ. ಕೂತಾಗಿಂದೇ ನಿಮ್ಮ ನಿಜವಾದ ಅಳತೆ. ನಾಚ್ಕೊಂಡು ಅರ್ಧಂಬರ್ಧ ಕೂತ್ರೆ ಪ್ರಯೋಜನ ಇಲ್ಲ, ಮಿಸ್ ಮುಂದೆ ಎಷ್ಟು ಕೂರ್ತಾಳೋ ಅಷ್ಟೇ ಕೂರಬೇಕು, ಕಾಲು ತಟ್ಟೋ ಹೆಜ್ಜೆ ಇದ್ಯಲ್ಲ, ತಟ್ಟಡವು, ಅದನ್ನ ಹಾಕು ನೋಡೋಣ ಅಂದ್ರೆ ತಾನೇ ಸರಿಯಾಗಿ ಕೂರ್ತಾಳೆ. ಪ್ಯಾಂಟ್ ಕತ್ತರಿಸೋವಾಗ ಹಿಂದಿನ ಭಾಗ ಮುಂದಿನದಕ್ಕಿಂತ 1½ರಿಂದ 2 ಇಂಚು ಮೇಲಕ್ಕಿರಬೇಕು, ಸೈಡ್ ಹೊಲಿಗೆ ಹತ್ರ ಬರ್ತಾ ಸಮ ಆಗಬೇಕು.

ನೀವು ಆಗಲೇ ಹೊಲಿದಾಗಿದೆ, ಹಾಗಾಗಿ ಎರಡು ಕೆಲಸ ಮಾಡಿ. ಎಲಾಸ್ಟಿಕ್ ಪಟ್ಟಿ ಬಿಚ್ಚಿ, ಹಿಂದಿನ ಭಾಗಕ್ಕೆ ಉಳಿದ ಸೀರೆ ಬಟ್ಟೆದೊಂದು ಪಟ್ಟಿ ಜೋಡಿಸಿ, ಮಧ್ಯದಲ್ಲಿ ರೆಡಿ ಅಳತೆ 2 ಇಂಚು ಅಗಲ, ಸೈಡಿಗೆ ಬರೋವಷ್ಟರಲ್ಲಿ ½ ಇಂಚು. ಬಟ್ಟೆ ಜಾಯಿಂಟ್ ಕಾಣುತ್ತಲ್ಲ ಅನ್ಬೇಡಿ, ಅದರ ಮೇಲೆ ಹಿಂದಿನ ಪೀಸು, ದಾವಣಿ, ಡಾಬು ಎಲ್ಲ ಬರುತ್ತೆ. ಇನ್ನೊಂದು, ಎರಡು ಕಾಲು ಸೇರೋ ಕಡೆ ಹೊಲಿಗೆ ಬಿಚ್ಚಿ 4 ಇಂಚಿನ ಚೌಕ ತುಂಡೊಂದನ್ನ ಮೂಲೆ ಮೇಲೆ ಬರೋ ಹಾಗೆ ಕೂರಿಸಿ ಹೊಲೀರಿ. ಹಳೇ ಚೂಡಿದಾರ್ ಪ್ಯಾಂಟ್ ಮನೇಲಿದ್ರೆ ತಿರುಗಿಸಿ ನೋಡಿ, ಬಹಳಷ್ಟರಲ್ಲಿ ಅಲ್ಲೊಂದು ತುಂಡು ಇರುತ್ತೆ. ಇದಿದ್ರೆ ಕಾಲು ಅಗಲಿಸಿದಾಗ ಹೊಲಿಗೆ ಹರಿಯಲ್ಲ. ರೇಷ್ಮೆ ಹಳೇದಾದ್ರಿಂದ ಇಲ್ಲಿ ಒಳಗಡೆ ಕಾಟನ್ ಲೈನಿಂಗ್ ಕೊಟ್ಟೇ ಕೊಡಿ, ಸೀರೆ ಮಡಿಕೆ ಬಿದ್ದಿದ್ದ ಗೆರೆ ಆ ಜಾಗಕ್ಕೆ ಬರದ ಹಾಗೂ ನೋಡ್ಕೊಳ್ಳಿ, ಹಳೇ ರೇಷ್ಮೆ ಮೊದಲು ಹರಿಯೋದೇ ಮಡಿಕೆಲಿ.

ಈಗ ಎಲಾಸ್ಟಿಕ್ಕಿಗೆ ಬರೋಣ. ಮ್ಯಾಚಿಂಗ್ ಸೆಂಟರಲ್ಲಿ ಎಲಾಸ್ಟಿಕ್ ಕೊಡಿ ಅಂದ್ರೆ ಕೈಗೆ ಸಿಕ್ಕಿದ್ದನ್ನ ಮೀಟರ್ ಲೆಕ್ಕದಲ್ಲಿ ಅಳೆದು ಕೊಟ್ಬಿಡ್ತಾರೆ, ಅಲ್ಲೇ ನಿಂತು ನೋಡಿ ತಗೊಳ್ಳಿ. ಎಳೆದಾಗ ಅಗಲ ಕಮ್ಮಿ ಆಗಿ ಸಣ್ಣಗಾಯ್ತು ಅಂದ್ರೆ ಅದು ಜಡೆ ಥರ ಹೆಣೆದಿರೋದು, ಪಟ್ಟಿ ಒಳಗೆ ತೂರಿಸೋಕೆ ಮಾತ್ರ ಸರಿ, ಅದರ ಮೇಲೆ ಉದ್ದಕ್ಕೆ ಮೆಷಿನ್ ಓಡಿಸಿದ್ರೆ ಹಿಡಿತ ಹೋಗುತ್ತೆ. ಎಳೆದ್ರೂ ಅಗಲ ಹಾಗೇ ಇದ್ದು, ಮುಟ್ಟಿದ್ರೆ ಗಟ್ಟಿ ಇದ್ರೆ ಅದು ನೇಯ್ದಿರೋದು, ಮಡಚ್ಕೊಳ್ಳಲ್ಲ, ಭಾರದ ಬಟ್ಟೆಗೆ ಇದೇ ಬೇಕು. ಅಗಲ ಹಾಗೇ ಇದ್ದು ಮೆತ್ತಗಿದ್ರೆ ನಿಟೆಡ್, ಹಗುರ ಸ್ಕರ್ಟು ಮನೆ ಪ್ಯಾಂಟಿಗೆ ಚೆಂದ. ಯಾವುದಾದ್ರೂ ಸರಿ, ಒಂದು ತುಂಡು ಹಿಡಿದು ಡಬ್ಬಲ್ ಉದ್ದಕ್ಕೆ ಎಳೆದು ಬಿಡಿ, ಮೊದಲಿನ ಉದ್ದಕ್ಕೆ ವಾಪಸ್ ಬರದೇ ಇದ್ರೆ ಅಂಗಡೀಲೇ ಬಿಟ್ಟು ಬನ್ನಿ. ಮನೇಲಿ ಡಬ್ಬದಲ್ಲಿ ವರ್ಷಗಟ್ಟಲೆ ಬಿದ್ದಿರೋ ಎಲಾಸ್ಟಿಕ್ಕೂ ಬೇಡ, ಒಳಗಿನ ರಬ್ಬರ್ ಒಣಗಿ ಪುಡಿ ಪುಡಿ ಆಗಿರುತ್ತೆ.

ಡ್ಯಾನ್ಸ್ ಕಾಸ್ಟ್ಯೂಮಿಗೆ ಸುತ್ತಲೂ ಎಲಾಸ್ಟಿಕ್ ಕೊಡೋದು ನನಗೆ ಇಷ್ಟ ಇಲ್ಲ, ಎಷ್ಟೋ ಜನ ಹಾಗೇ ಮಾಡ್ತಾರೆ, ಆದ್ರೆ ಮುಂದುಗಡೆ ಸುಕ್ಕು ಸುಕ್ಕಾಗಿ ಅದರ ಮೇಲೆ ಡಾಬು ಕಟ್ಟಿದಾಗ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತೆ. ಮುಂದೆ ಫ್ಲಾಟ್, ಹಿಂದೆ ಮಾತ್ರ ಎಲಾಸ್ಟಿಕ್ ಮಾಡಿ. ಸೊಂಟ 22 ಇಂಚು, ಸೀಟ್ ಅಂದ್ರೆ ಹಿಂಭಾಗ ಸೇರಿ ಸುತ್ತಳತೆ 25 ಇದೆ ಅಂತಿಟ್ಕೊಳ್ಳಿ. ಮುಂದಿನ ಪಟ್ಟಿ 12 ಇಂಚು, ಒಳಗೆ ಬಕ್ರಂ, ಅಂದ್ರೆ ಬಿಗಿ ಬಟ್ಟೆ, ಕೊಟ್ಟು ನೀಟಾಗಿ. ಹಿಂದಿನ ಬಟ್ಟೆ 16 ಇಂಚು. ಎರಡೂ ಸೇರಿ 28, ಸೀಟ್ ದಾಟಿ ಆರಾಮಾಗಿ ಮೇಲೆ ಬರುತ್ತೆ. ಹಿಂದಿನ 16 ಇಂಚಿನ ಒಳಗೆ 10 ಇಂಚು ಎಲಾಸ್ಟಿಕ್ ಕತ್ತರಿಸಿ ಹಾಕಿ, ಎರಡು ಸೈಡ್ ಹೊಲಿಗೆ ಒಳಗೆ ಅರ್ಧರ್ಧ ಇಂಚು ಹೋಗಿ 9 ಉಳಿಯುತ್ತೆ. ಹಾಕ್ಕೊಂಡಾಗ ಅದು 10ಕ್ಕೆ ಹಿಗ್ಗುತ್ತೆ, ಅಷ್ಟೇ ಬಿಗಿ ಸಾಕು. ಎರಡು ಬೆರಳು ಸಲೀಸಾಗಿ ಒಳಗೆ ಹೋಗಬೇಕು, ಹೋಗಲಿಲ್ಲ ಅಂದ್ರೆ ಟೈಟಾಯ್ತು ಅಂತ.

ಇಲ್ಲ, ಸುತ್ತಲೂ ಎಲಾಸ್ಟಿಕ್ಕೇ ಇರಲಿ ಅಂದ್ರೆ ಸೊಂಟದ ಅಳತೆಲಿ 2 ಇಂಚು ಕಳೆದು, ಜೋಡಿಸೋಕೆ 1 ಇಂಚು ಸೇರಿಸಿ. 22ಕ್ಕೆ 21 ಕತ್ತರಿಸಿದ್ರೆ ಸರಿ. ತುದಿಗಳನ್ನ ಒಂದರ ಮೇಲೊಂದು 1 ಇಂಚು ಇಟ್ಟು ಚೌಕ ಹೊಲಿದು ಮಧ್ಯೆ ಅಡ್ಡಡ್ಡ ಗುಣಾಕಾರ ಹಾಕಿ, ಬರೀ ಒಂದು ಗೆರೆ ಹೊಲಿದ್ರೆ ಸ್ಟೇಜ್ ಮೇಲೇ ಕೈ ಕೊಡುತ್ತೆ.

ಎಲಾಸ್ಟಿಕ್ ತೂರೋ ಪಟ್ಟಿಗೆ 1 ಇಂಚಿನ ಎಲಾಸ್ಟಿಕ್ ಆದ್ರೆ 1½ ಇಂಚು ಬಟ್ಟೆ ಬಿಡಿ, ¼ ಒಳಗೆ ಮಡಿಸಿ, ಉಳಿದ 1¼ರಲ್ಲಿ ಎಲಾಸ್ಟಿಕ್ ಓಡಾಡುತ್ತೆ. ಜರಿ ಅಂಚಿನ ಬಟ್ಟೆನೇ ಮಡಿಸಬೇಡಿ, ದಪ್ಪ ಆಗುತ್ತೆ, ಜರಿ ಚುಚ್ಚುತ್ತೆ ಕೂಡ. ಒಳಗಡೆಗೆ ಅದೇ ಬಣ್ಣದ ಪಾಪ್ಲಿನ್ ಪಟ್ಟಿ ಕೊಡಿ. ಸೂಜಿ ಹೊಸದು ಹಾಕಿ, 11ನೇ ನಂಬರು, ಲೈನಿಂಗ್ ಸೇರಿ ದಪ್ಪ ಇರೋ ಕಡೆ 14. ಮೊಂಡು ಸೂಜಿ ರೇಷ್ಮೆ ಎಳೆ ಎಳೆದ್ಬಿಡುತ್ತೆ.

ಕೊನೇದು, ಲಾಡಿ. ಎಲಾಸ್ಟಿಕ್ ಇದ್ರೂ ಮುಂದುಗಡೆ ಒಳಗೊಂದು ಲಾಡಿ ಇರಲೇಬೇಕು. ಕೆಲವು ಪ್ಯಾಟರ್ನಲ್ಲಿ ಫ್ಯಾನಿನ, ಅಂದ್ರೆ ಕಾಲ ಮಧ್ಯೆ ಬೀಸಣಿಗೆ ಥರ ಬಿಚ್ಚಿಕೊಳ್ಳೋ ನೆರಿಗೆಯ, ಅಂಚು ಎರಡು ಕಾಲಿಗೂ ಒಳಗಡೆ ಹೊಲಿಗೆ ಬಿದ್ದಿರುತ್ತೆ, ಕಾಲು ಚಾಚಿದಾಗೆಲ್ಲ ಅದು ಸೊಂಟನ ಕೆಳಗೆ ಎಳೆಯುತ್ತೆ. ಆ ಭಾರ ಹೊರೋದು ಹಿಗ್ಗದೇ ಇರೋ ಲಾಡಿ ಕೆಲಸ. ಮಗುಗೆ ಹಾಕೋಕೆ ತೆಗೆಯೋಕೆ ಸುಲಭ ಆಗ್ಲಿ ಅಂತ ಮಾತ್ರ ಎಲಾಸ್ಟಿಕ್ಕು.

ಪ್ರಶ್ನೆ: ಮೇಡಂ, ನನ್ನ ಹತ್ರ ಒಂದು ಹಳೇ ಮೈಸೂರು ಸಿಲ್ಕ್ ಸೀರೆ ಇದೆ. ಮಗಳ ಕಾಸ್ಟ್ಯೂಮಿನ ನೆರಿಗೆ ಫ್ಯಾನ್ ಅದ್ರಲ್ಲೇ ಮಾಡಿ, ಪ್ಯಾಂಟಿನ ಎಲಾಸ್ಟಿಕ್ ಪಟ್ಟಿಗೇ ಹೊಲಿದ್ಬಿಟ್ರೆ ಒಂದೇ ಪೀಸ್ ಆಗುತ್ತಲ್ವಾ? ಗ್ರೀನ್ ರೂಮಲ್ಲಿ ಒಂದೊಂದೇ ಕಟ್ಟೋ ಗಲಾಟೆ ತಪ್ಪುತ್ತೆ. — ಓದುಗರು, ಮೈಸೂರು

ಉತ್ತರ: ಮೊದಲು ಆ ಸೀರೆ ಕತ್ತರಿಸಬೇಡಿ, ದಮ್ಮಯ್ಯ! ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಮೈಮೇಲೆ ನೀರು ಹರಿದ ಹಾಗೆ ಇಳಿಯುತ್ತೆ, ಸೀರೆಯಾಗಿ ಉಡೋಕೆ ಅದೇ ಚೆಂದ, ಆದ್ರೆ ಫ್ಯಾನಿಗೆ ಬೇಕಾಗಿರೋದು ಮಡಿಸಿದ್ರೆ ಮಡಿಸಿದ ಹಾಗೇ ನಿಲ್ಲೋ ಬಿಗಿ ಬಟ್ಟೆ. ಇಸ್ತ್ರಿ ಹಾಕಿ ಹಾಕಿ ಸುಸ್ತಾಗ್ತೀರ ಅಷ್ಟೇ. ಕಂಚಿ ಥರದ ದಪ್ಪ ಸೀರೆ, ಇಲ್ಲಾಂದ್ರೆ ದೊಡ್ಡ ಅಂಚಿರೋ ಆರ್ಟ್ ಸಿಲ್ಕ್ ತಗೊಳ್ಳಿ, ಮಕ್ಕಳಿಗೆ ಅದು ಧಾರಾಳ ಆಯ್ತು.

ಎಲಾಸ್ಟಿಕ್ಕಿಗೆ ಫ್ಯಾನ್ ಹೊಲೀಬೇಡಿ. ಎಲಾಸ್ಟಿಕ್ ಹಿಗ್ಗಿದಾಗ ನೆರಿಗೆ ಮೇಲ್ಗಡೆ ಬಾಯಿ ಬಿಡುತ್ತೆ, ಎರಡು ಮೂರು ಸಲ ಹಾಕಿ ತೆಗೆದ್ರೆ ಹೊಲಿಗೆ ಪಟಪಟ ಕಿತ್ಕೊಳ್ಳುತ್ತೆ. ಒಂದೇ ಪೀಸೇ ಬೇಕು ಅಂದ್ರೆ ದಾವಣಗೆರೆ ಅಮ್ಮನಿಗೆ ಮೇಲೆ ಹೇಳಿದೀನಲ್ಲ, ಮುಂದೆ ಫ್ಲಾಟ್ ಹಿಂದೆ ಎಲಾಸ್ಟಿಕ್, ಆ ಫ್ಲಾಟ್ ಭಾಗಕ್ಕೆ ಮಾತ್ರ ಫ್ಯಾನ್ ಕೂರಿಸಿ, ಅದು ಹಿಗ್ಗೋದೇ ಇಲ್ಲವಲ್ಲ. ಬಿಡಿಯಾಗಿ ಮಾಡೋದಾದ್ರೆ 2 ಇಂಚು ಅಗಲದ ಕಾಟನ್ ಪಟ್ಟಿಗೆ ನೆರಿಗೆ ಹೊಲಿದು ಎರಡು ಕಡೆ ಉದ್ದ ಲಾಡಿ ಬಿಡಿ, ಹಿಂದೆ ಸುತ್ತಿ ಮುಂದೆ ತಂದು ಕಟ್ಟಿದ್ರೆ ಗಂಟು ಡಾಬು ಕೆಳಗೆ ಮುಚ್ಚೋಗುತ್ತೆ. ಇಸ್ತ್ರಿ ಮಾಡೋವಾಗ ಜರಿ ಮೇಲೆ ತೆಳ್ಳಗಿನ ಪಂಚೆ ಬಟ್ಟೆ ಹಾಸಿ, ಉಲ್ಟಾ ಕಡೆಯಿಂದ. ಎತ್ತಿಡೋವಾಗ ನೆರಿಗೆ ಸೇರಿಸಿ ಬಟ್ಟೆ ಚೂರಲ್ಲಿ ಮೂರು ಕಡೆ ಸಡಿಲವಾಗಿ ಕಟ್ಟಿಡಿ, ರಬ್ಬರ್ ಬ್ಯಾಂಡ್ ಮಾತ್ರ ಹಾಕ್ಬೇಡಿ, ಬೇಸಿಗೇಲಿ ಕರಗಿ ಅಂಟ್ಕೊಳ್ಳುತ್ತೆ.

ಪ್ರಶ್ನೆ: ಒಗೆದಾದ್ಮೇಲೆ ಎಲಾಸ್ಟಿಕ್ ಪಟ್ಟಿ ಒಳಗೇ ತಿರುಚ್ಕೊಂಡು ಹಗ್ಗ ಆಗ್ಬಿಡುತ್ತೆ. ಪ್ರತಿ ಸಲ ಬಿಚ್ಚಿ ಸರಿ ಮಾಡ್ಬೇಕಾ? — ತುಮಕೂರು

ಉತ್ತರ: ಪಟ್ಟಿ ಅಗಲ ಜಾಸ್ತಿ ಆಗಿದೆ. ಎಲಾಸ್ಟಿಕ್ಕಿಗಿಂತ ಕಾಲು ಇಂಚು ಜಾಸ್ತಿ ಇದ್ರೆ ಸಾಕು, ಅರ್ಧ ಮುಕ್ಕಾಲು ಇಂಚು ಬಿಟ್ರೆ ಒಳಗೆ ಪಲ್ಟಿ ಹೊಡೆಯುತ್ತೆ. ಈಗ ಬಿಚ್ಚೋದೇನೂ ಬೇಡ, ಎಲಾಸ್ಟಿಕ್ ನೆಟ್ಟಗೆ ಮಾಡಿ, ಸುಕ್ಕು ಸಮವಾಗಿ ಹಂಚಿ, ಎರಡು ಸೈಡ್ ಹೊಲಿಗೆ ಮೇಲೆ ಮತ್ತೆ ಹಿಂದೆ ನಡುವೆ, ಮೇಲಿಂದ ಕೆಳಕ್ಕೆ ಒಂದೊಂದು ಗೆರೆ ಹೊಲಿಗೆ ಹಾಕಿ. ಆಮೇಲೆ ತಿರುಗಲ್ಲ. ಲಾಡಿನೂ ಅದೇ ಪಟ್ಟೀಲಿ ಹೋಗ್ತಿದ್ರೆ ಹೀಗೆ ಹೊಲೀಬೇಡಿ, ಲಾಡಿ ಸಿಕ್ಕಾಕ್ಕೊಳ್ಳುತ್ತೆ.

ಪ್ರಶ್ನೆ: ನಾವು ಮಸ್ಕತ್‌ನಲ್ಲಿದ್ದೀವಿ. ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದ ಮಕ್ಕಳೆಲ್ಲ ಸೇರಿ ಡ್ಯಾನ್ಸ್ ಮಾಡ್ತಾರೆ, ಊರಿಂದ ತಂದ ಬಟ್ಟೇಲಿ ಲಂಗ ಹೊಲಿದೆ. ಎಲಾಸ್ಟಿಕ್ಕನ್ನ ನೇರವಾಗಿ ಬಟ್ಟೆ ಒಳಗಡೆಗೆ ಹೊಲಿದಿದೀನಿ. ಒಂದು ಗಂಟೆ ಪ್ರಾಕ್ಟೀಸ್ ಆದ್ಮೇಲೆ ಮಗಳು ಕೆರ್ಕೋತಾಳೆ, ಸಣ್ಣ ಸಣ್ಣ ಗುಳ್ಳೆ ಕೂಡ ಬರುತ್ತೆ.

ಉತ್ತರ: ಬೆವರು, ಬಿಗಿ, ಉಜ್ಜಾಟ ಮೂರೂ ಸೇರಿದ್ರೆ ಯಾವ ಮಗುಗಾದ್ರೂ ಕೆಂಪಾಗುತ್ತೆ. ಎಲಾಸ್ಟಿಕ್ ಚರ್ಮಕ್ಕೆ ನೇರವಾಗಿ ತಾಗ್ಬಾರ್ದು. ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ಪಂಚೆ ಪಟ್ಟಿ ಒಳಗಡೆಯಿಂದ ಮುಚ್ಚಿ ಹೊಲೀರಿ, ಎಲಾಸ್ಟಿಕ್ ಅದ್ರೊಳಗೆ ಇರ್ಲಿ. ಕಾಲಿಂಚಿನ ಸಣ್ಣ ಎಲಾಸ್ಟಿಕ್ ಹಾಕಿದ್ರೆ ದಾರ ಕಟ್ಟಿದ ಹಾಗೆ ಕೊರೆಯುತ್ತೆ, 1 ಇಂಚಿಂದು ಹಾಕಿದ್ರೆ ಬಿಗಿ ಹರಡ್ಕೊಳ್ಳುತ್ತೆ. ಅಗಲದ್ದು ಮಡಚ್ಕೊಳ್ಳುತ್ತೆ ಅನ್ನೋದಾದ್ರೆ ಅರ್ಧ ಇಂಚಿನ ಎರಡು ಎಲಾಸ್ಟಿಕ್ ಬೇರೆ ಬೇರೆ ಸಾಲಲ್ಲಿ ಹಾಕಿ, ಲಂಗಕ್ಕೆ ಅದು ನೋಡೋಕೂ ಚೆನ್ನಾಗಿರುತ್ತೆ. ಒಳಗೊಂದು ಕಾಟನ್ ಲೆಗಿಂಗ್ಸ್ ಹಾಕಿ, ಅದರ ಅಂಚು ಎಲಾಸ್ಟಿಕ್ಕಿಗಿಂತ ಮೇಲೆ ಬರಬೇಕು.

ಇಷ್ಟೆಲ್ಲ ಆದ್ಮೇಲೂ ಗುಳ್ಳೆ ಬಂದ್ರೆ ರಬ್ಬರ್ ಆಗಿ ಬರ್ತಿಲ್ಲವೇನೋ, ಕೆಲವು ಮಕ್ಕಳಿಗೆ ರಬ್ಬರಿಗೆ ಅಲರ್ಜಿ ಇರುತ್ತೆ, ಬಲೂನ್ ಊದಿದಾಗ ತುಟಿ ಕೆಂಪಾಗೋದಿದ್ರೆ ಅದನ್ನೂ ಡಾಕ್ಟರಿಗೆ ಹೇಳಿ ತೋರಿಸ್ಕೊಂಡು ಬನ್ನಿ. ಎಲಾಸ್ಟಿಕ್ ಪ್ಯಾಕೆಟ್ ಮೇಲೆ ಲೇಟೆಕ್ಸ್ ಫ್ರೀ ಅಂತ ಇರೋದು ಸಿಗುತ್ತೆ, ಅಂಥದ್ದೇ ಹುಡುಕಿ. ಡ್ಯಾನ್ಸ್ ಮುಗಿದ ತಕ್ಷಣ ಬೆವರಿನ ಲಂಗನ ಬ್ಯಾಗಿಗೆ ತುರುಕಬೇಡಿ, ಒಳಗು ಹೊರಗು ಮಾಡಿ ನೆರಳಲ್ಲಿ ಗಾಳಿಗೆ ಹಾಕಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಎಲಾಸ್ಟಿಕ್ಕೂ ಇರಲಿಲ್ಲ ಎಂಥದ್ದೂ ಇರಲಿಲ್ಲ, ಸೀರೆನೇ ಕಚ್ಚೆ ಹಾಕಿ ಉಡಿಸ್ತಿದ್ರು, ಮೇಲೊಂದು ಡಾಬು. ಈಗ ಮೊಮ್ಮಗಳಿಗೆ ಹೊಲಿಸಿದ ಡ್ರೆಸ್ಸೇ ಆಗಬೇಕಂತೆ. ಸೀರೆ ಉಡಿಸಿದ್ರೆ ಏನು ತಪ್ಪು ಮಾರಾಯ್ತಿ? ಇನ್ನೊಂದು, ಬೆಳೆಯೋ ಮಗು, ಮುಂದಿನ ವರ್ಷಕ್ಕೆ ಆಗದಿದ್ರೆ ಅಷ್ಟು ದುಡ್ಡು ದಂಡ ಅಲ್ವಾ? — ಅಜ್ಜಿ, ಸಾಗರ

ಉತ್ತರ: ಏನೂ ತಪ್ಪಿಲ್ಲ ಅಜ್ಜಿ, ದಿನದ ಪ್ರಾಕ್ಟೀಸಿಗೆ ಕಾಟನ್ ಸೀರೆ ಉಡಿಸೋದು ಈಗ್ಲೂ ಇದೆ. ಹೊಲಿದ ಡ್ರೆಸ್ಸೂ ಇವತ್ತು ನಿನ್ನೆದಲ್ಲ, ಚೆನ್ನೈಲಿ 1936ರಲ್ಲಿ ಕಲಾಕ್ಷೇತ್ರ ಅನ್ನೋ ನೃತ್ಯಶಾಲೆ ಶುರು ಮಾಡಿದ ರುಕ್ಮಿಣಿದೇವಿ ಅರುಂಡೇಲ್ ಅವರೇ ಕಾಸ್ಟ್ಯೂಮ್ ವಿಷಯಕ್ಕೆ ತುಂಬಾ ತಲೆ ಕೆಡಿಸ್ಕೊಂಡಿದ್ರು. ಏಳು ವರ್ಷದ ಮಗು ಸ್ಟೇಜ್ ಹಿಂದೆ ಅರ್ಜೆಂಟಾಗಿ ಬಾತ್ ರೂಮ್ ಅಂದಾಗ ಹೊಲಿದಿದ್ದೇ ವಾಸಿ, ನೀವೂ ಒಪ್ತೀರ.

ದುಡ್ಡಿನ ವಿಷಯ ನೀವು ಹೇಳಿದ್ದು ಸರಿ. ಕಾಲಿನ ಕೆಳಗೆ 3 ಇಂಚು ಒಳಗೆ ಮಡಿಸಿ ಹೊಲಿಸಿ, ಸೈಡಲ್ಲಿ 1½ ಇಂಚು ಬಟ್ಟೆ ಬಿಡ್ಸಿ. ಸೊಂಟಕ್ಕೆ ತೂತಿರೋ ಎಲಾಸ್ಟಿಕ್ ಅಂತ ಸಿಗುತ್ತೆ, ಉದ್ದಕ್ಕೂ ಕಾಜಾ ಥರ ಸೀಳಿರುತ್ತೆ, ಒಳಗಡೆ ಸೈಡಲ್ಲಿ ಒಂದು ಗುಂಡಿ ಹೊಲಿದು ಬೇಕಾದ ತೂತಿಗೆ ಸಿಕ್ಕಿಸೋದು. ಮಗು ಬೆಳೆದ ಹಾಗೆ ಒಂದೊಂದು ತೂತು ಬಿಡ್ತಾ ಹೋಗಿ. ರೆಡಿಮೇಡ್ ಮಕ್ಕಳ ಪ್ಯಾಂಟಲ್ಲಿ ನೋಡಿರ್ತೀರ, ಹರಿದುಹೋದ ಪ್ಯಾಂಟಿದ್ರೆ ಅದ್ರಿಂದಲೇ ತೆಗೆದು ಹಾಕಬಹುದು, ಎಳೆತ ಇನ್ನೂ ಇದ್ರೆ.

ಪ್ರಶ್ನೆ: ನಮಸ್ಕಾರ್ರೀ ಅಕ್ಕಾರ. ನಮ್ಮ ಹುಡುಗನ ಸಾಲ್ಯಾಗ ಗ್ಯಾದರಿಂಗ್ ಐತ್ರೀ, ಕೋಲಾಟದಾಗ ಅದಾನ, ಬಿಳಿ ಧೋತರ ಉಟ್ಕೊಂಡ ಬರಬೇಕ ಅಂದಾರ. ಕಚ್ಚಿ ಹಾಕಿ ಉಡಸಿದ್ರ ಎರಡ ಸುತ್ತ ಕುಣಿಯೂದ್ರಾಗ ಬಿಚ್ಚಿ ಹೋಗತೈತಿ. ಮನ್ಯಾಗ ಮಷೀನ್ ಇಲ್ಲ, ಅವರವ್ವ ತವರಮನಿಗೆ ಹೋಗ್ಯಾಳ, ನನಗ ಗುಂಡಿ ಹಚ್ಚೂದಷ್ಟ ಬರತೈತಿ. ಕೈಲೇ ಆಗತೈತೇನ್ರೀ? — ಒಬ್ಬ ಅಪ್ಪ, ಹುಬ್ಬಳ್ಳಿ

ಉತ್ತರ: ಗುಂಡಿ ಹಚ್ಚೋಕೆ ಬರುತ್ತಲ್ಲ ಅಣ್ಣಾರ, ಅಷ್ಟು ಸಾಕು. ಹುಡುಗನದೇ ಒಂದು ಸಡಿಲ ಕಾಟನ್ ಚಡ್ಡಿ ತಗೊಳ್ಳಿ, ಸೊಂಟಕ್ಕೆ ಎಲಾಸ್ಟಿಕ್ ಇರೋದು, ಬಿಳಿದಾದ್ರೆ ಒಳ್ಳೇದು, ಎಲಾಸ್ಟಿಕ್ ಸಡಿಲ ಆಗಿದ್ರೆ ಮೊದಲು ಅದನ್ನ ಬದಲಿಸಿ. ಅದಕ್ಕೆ ಪಟ್ಟಿ ಹೊಲಿಗೆ 2 ಇಂಚು ಬಿಚ್ಚಿ, ಹಳೇ ಎಲಾಸ್ಟಿಕ್ ಕತ್ತರಿಸಿ ಅದರ ಒಂದು ತುದಿಗೆ ಹೊಸದನ್ನ ಗಟ್ಟಿಯಾಗಿ ಟಾಕ ಹಾಕಿ ಜೋಡಿಸಿ, ಹಳೇದನ್ನ ಎಳೀತಾ ಹೋದ್ರೆ ಹೊಸದು ತಾನೇ ಒಳಗೆ ಹೋಗುತ್ತೆ, ಪಿನ್ನು ಹಾಕಿ ತೂರಿಸೋ ಕಷ್ಟ ಇಲ್ಲ. ಹೊಸದರ ಇನ್ನೊಂದು ತುದಿನ ಮಾತ್ರ ಚಡ್ಡಿಗೆ ಪಿನ್ನು ಮಾಡಿಡಿ, ಇಲ್ಲಾಂದ್ರೆ ಅದೂ ಒಳಗೆ ಹೋಗಿ ಮೊದಲಿಂದ ಶುರು ಮಾಡ್ಬೇಕು. ಎಲಾಸ್ಟಿಕ್ ಮೇಲೇ ಹೊಲಿಗೆ ಓಡಿಸಿರೋ ಚಡ್ಡಿ ಆದ್ರೆ ಅದನ್ನ ಬಿಡಿ, ಬೇರೆ ಚಡ್ಡಿ ನೋಡಿ.

ಆ ಚಡ್ಡಿ ಹಾಕ್ಸಿ ಅದರ ಮೇಲೆ ನೀವು ಎಂದಿನ ಹಾಗೆ ಧೋತರ ಉಡಿಸಿ. ಮುಂದಿನ ನೆರಿಗೆನ ಚಡ್ಡಿ ಪಟ್ಟಿಗೆ ಪಿನ್ನು ಮಾಡಿ, ಹಿಂದೆ ಕಚ್ಚಿ ಸಿಕ್ಕಿಸೋ ಕಡೆನೂ ಪಿನ್ನು ಮಾಡಿ, ಒಂದ್ಸಲ ಕುಣಿಸಿ ಕೂರಿಸಿ ಏಳಿಸಿ ನೋಡಿ, ಆಮೇಲೆ ಪಿನ್ನು ತೆಗೀದೇ ಚಡ್ಡಿ ಸಮೇತ ಹುಷಾರಾಗಿ ಬಿಚ್ಚಿಸಿ. ಮುಂದೆ ನೆರಿಗೆ ಇರೋ ಕಡೆ ಒಂದು 4 ಇಂಚು, ಹಿಂದೆ ಒಂದು 3 ಇಂಚು, ಅಷ್ಟನ್ನೇ ಚಡ್ಡಿಗೆ ಹೊಲೀರಿ. ಡಬ್ಬಲ್ ದಾರ, ಒಂದು ಟಾಕ ಮುಂದೆ ಹೋಗಿ ಅರ್ಧ ಟಾಕ ಹಿಂದೆ ಬಂದು ಮತ್ತೆ ಮುಂದೆ, ಹೀಗೆ ಹಾಕಿದ್ರೆ ಮೆಷಿನ್ನಿಗಿಂತ ಕಮ್ಮಿ ಏನಿಲ್ಲ. ಸೈಡಲ್ಲಿ ಹೊಲೀಬೇಡಿ, ಚಡ್ಡಿ ಏರಿಸೋವಾಗ ಎಲಾಸ್ಟಿಕ್ ಹಿಗ್ಗೋಕೆ ಜಾಗ ಬೇಕಲ್ಲ, ಅಲ್ಲೂ ಹೊಲಿದ್ರೆ ಮೊದಲನೇ ಸಲಕ್ಕೇ ದಾರ ತುಂಡಾಗುತ್ತೆ. ಸೈಡಲ್ಲಿರೋ ಬಟ್ಟೆ ಒಳಗೆ ಮಡಿಸಿ ಬಿಟ್ಟು ಮೇಲೊಂದು ಕೆಂಪು ವಸ್ತ್ರ ಸೊಂಟಕ್ಕೆ ಬಿಗಿಯಾಗಿ ಕಟ್ಟಿ, ಟಾಕನೂ ಕಾಣಲ್ಲ, ಸೈಡೂ ಜಾರಲ್ಲ. ಪಿನ್ನು ಎಷ್ಟು ಹಾಕಿದ್ರಿ ಅಂತ ಎಣಿಸಿಟ್ಕೊಂಡು ಹೊಲಿದಾದ್ಮೇಲೆ ಅಷ್ಟನ್ನೂ ಎಣಿಸಿ ತೆಗೀರಿ, ಕೋಲಾಟದಲ್ಲಿ ಬಗ್ಗಿ ಕೋಲು ಹೊಡೆಯೋವಾಗ ಒಳಗೊಂದು ಪಿನ್ನು ಉಳಿದಿದ್ರೆ ಚುಚ್ಚುತ್ತೆ.